ಬೆಲ್ಲದ ಸೀಮೆಯ ಹಲ್ಲುಗಳು

ಕೃಷ್ಣರಾಜಪೇಟೆ ತಾಲ್ಲೂಕಿನ ಹೇಮಗಿರಿಯಲ್ಲಿ ಹೇಮಾವತಿಗೆ ಹಳೆಯದೊಂದು ಅಣೆಕಟ್ಟೆಯಿದೆ. ಅದರ ನಾಲೆ ಹರಿದ ಕಡೆಯೆಲ್ಲ ಭತ್ತ, ಕಬ್ಬು. ನಮ್ಮ ತಾಯಿಯ ತವರು ಆ ಕಡೆಯದೇ. ಬೇಸಿಗೆ ರಜೆ ಬಂತೆಂದರೆ ಮಕ್ಕಳೆಲ್ಲ ನಾನಿಯ ಮನೆಯಲ್ಲಿ ಠಿಕಾಣಿ. ಫಜರ್ ನಮಾಜಿಗೆ ಎದ್ದ ನಾನಿ ನಮ್ಮನ್ನೂ ಎಬ್ಬಿಸಿ ಒಬ್ಬೊಬ್ಬರ ಕೈಗೂ ಒಂದು ಬೇವಿನ ಕಡ್ಡಿ ಕೊಡುತ್ತಿದ್ದರು. ಕಡ್ಡಿಯಿಲ್ಲದ ದಿನ ಉಪ್ಪು, ಇದ್ದಿಲು. ತಮ್ಮ ಅನುಯಾಯಿಗಳಿಗೆ ಕಷ್ಟವಾಗುವುದೆಂಬ ಅಳುಕಿಲ್ಲದಿದ್ದರೆ ಪ್ರವಾದಿಯವರು (ಸ) ಪ್ರತಿ ನಮಾಜಿಗೂ ಮಿಸ್ವಾಕನ್ನು ಕಡ್ಡಾಯ ಮಾಡುತ್ತಿದ್ದರೆಂದು ನೆನಪಿಸುವುದನ್ನೂ ಅವರು ಮರೆಯುತ್ತಿರಲಿಲ್ಲ. ಹೀಗೆ ಹಲ್ಲುಜ್ಜಿಸಿದ ಅದೇ ಕೈ, ಅರ್ಧ ಗಂಟೆಯೊಳಗೆ ಬೆಲ್ಲದ ಅಚ್ಚು ಒಡೆದು ನಮಗೆ ಹಂಚುತ್ತಿತ್ತು!

ಈ ಸೀಮೆಯ ಸಿಹಿಗೆ ದೊಡ್ಡ ಚರಿತ್ರೆಯಿದೆ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಶ್ರೀರಂಗಪಟ್ಟಣಕ್ಕೆ ಬಂದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ರಸದಾಳಿ, ಪಟ್ಟಾಪಟ್ಟಿ ಕಬ್ಬುಗಳ ಬಗ್ಗೆ ಬರೆದಿಟ್ಟಿದ್ದಾನೆ. 1847ರಲ್ಲಿ ಪಕ್ಕದ ಪಾಲಹಳ್ಳಿಯಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಶುರುವಾಯಿತು. ರೈತರ ಬೆಲ್ಲವನ್ನು ಕೊಂಡು ಶುದ್ಧಮಾಡಿ ಸಕ್ಕರೆ ತೆಗೆಯುತ್ತಿದ್ದ ಈ ಕಾರ್ಖಾನೆ 1851ರ ಲಂಡನ್ ಪ್ರದರ್ಶನದಲ್ಲಿ ಪದಕವನ್ನೂ ಗೆದ್ದಿತು. ಹಳ್ಳಿಯ ಮಕ್ಕಳ ಬಾಯಿಗೆ ಆ ಬಿಳಿ ಸಕ್ಕರೆ ಎಷ್ಟು ಬಿದ್ದೀತು? ಅವರ ಪಾಲಿಗೆ ಆಲೆಮನೆಯ ಬಿಸಿಬೆಲ್ಲ, ಸಂತೆ-ಜಾತ್ರೆಯ ಬೆಂಡು ಬತ್ತಾಸು. ಕನ್ನಂಬಾಡಿಯ ನೀರು ನಾಲೆಯಲ್ಲಿ ಹರಿದು, 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿ, ಆಮೇಲೆ ಪಾಂಡವಪುರದಲ್ಲೂ ಕಾರ್ಖಾನೆ ಬಂದ ಮೇಲೆ ಇದು ಸಕ್ಕರೆಯ ಸೀಮೆಯೇ ಆಯಿತು. ನಾವು ಹುಟ್ಟುವ ಹೊತ್ತಿಗೆ ಪೆಟ್ಟಿಗೆ ಅಂಗಡಿಗಳ ಗಾಜಿನ ಭರಣಿಗಳಲ್ಲಿ ಪೆಪ್ಪರ್‌ಮಿಂಟು ತುಂಬಿತ್ತು. ಸಂತೆಯ ದಿನದ ಸಿಹಿ ದಿನದಿನದ ಸಿಹಿಯಾಗಿತ್ತು.

ಹಲ್ಲಿಗೆ ಇದರಿಂದ ಆಗುವುದೇನೆಂದು ಸರಿಯಾಗಿ ತಿಳಿದದ್ದು ದೂರದ ಸ್ವೀಡನ್ನಿನಲ್ಲಿ, ಅದೂ ತಪ್ಪು ದಾರಿಯಲ್ಲಿ. 1940ರ ದಶಕದಲ್ಲಿ ವಿಪೆಹೋಲ್ಮ್ ಎಂಬಲ್ಲಿನ ಬುದ್ಧಿಮಾಂದ್ಯರ ಆಸ್ಪತ್ರೆಯಲ್ಲಿ, ನಿವಾಸಿಗಳ ಒಪ್ಪಿಗೆಯನ್ನೂ ಕೇಳದೆ, ಅಂಟುವ ಮಿಠಾಯಿ ತಿನ್ನಿಸಿ ಅವರ ಹಲ್ಲು ಕೆಡಿಸಿ ನೋಡಿದರು. ಅಸಹಾಯಕರ ಬಾಯನ್ನು ಪ್ರಯೋಗಶಾಲೆ ಮಾಡಿದ್ದನ್ನು ಯಾವ ವಿಜ್ಞಾನವೂ ಸಮರ್ಥಿಸಲಾರದು. ತಿಳಿದುಬಂದದ್ದು ಇಷ್ಟು: ಊಟದ ಜೊತೆ ತಿಂದ ಸಕ್ಕರೆಗಿಂತ ಊಟಗಳ ನಡುವೆ ಮತ್ತೆ ಮತ್ತೆ ತಿಂದ ಅಂಟು ಸಿಹಿಯೇ ಹಲ್ಲನ್ನು ಬಹಳ ಹೆಚ್ಚು ಕೆಡಿಸುತ್ತದೆ. ಆಮೇಲೆ ಅಲ್ಲಿ ಮಕ್ಕಳಿಗೆ ಶನಿವಾರ ಮಾತ್ರ ಮಿಠಾಯಿ ಕೊಡುವ ರೂಢಿ ಬೆಳೆಯಿತು. ನಮ್ಮಲ್ಲಿ ಬಿಟ್ಟುಹೋದ ಸಂತೆಯ ಮಿಠಾಯಿಯೂ ಅದೇ ತಾನೆ!

ರಜೆಯ ತೊಂದರೆ ಇರುವುದೂ ಇಲ್ಲಿಯೇ. ಶಾಲೆಯ ಗಂಟೆ ಮಕ್ಕಳ ಬಾಯಿಗೂ ಬೀಗ ಹಾಕಿರುತ್ತದೆ. ರಜೆಯಲ್ಲಿ ಬೆಳಿಗ್ಗೆ ಬೆಲ್ಲ, ಹತ್ತಕ್ಕೆ ಕಬ್ಬು, ಮಧ್ಯಾಹ್ನ ಐಸ್‌ಕ್ಯಾಂಡಿ, ರಾತ್ರಿ ಟಿ.ವಿ. ಮುಂದೆ ಬಿಸ್ಕತ್ತು ಮೆಲ್ಲುತ್ತಲೇ ನಿದ್ದೆ. ಬೆಲ್ಲ ಸಕ್ಕರೆಯಂತಲ್ಲ, ಒಳ್ಳೆಯದು ಎನ್ನುವವರಿದ್ದಾರೆ. ಹಲ್ಲಿನ ಮೇಲೆ ಕೂತ ಕ್ರಿಮಿ ಆ ಭೇದ ಮಾಡುವುದಿಲ್ಲ; ಎರಡರಿಂದಲೂ ಆಮ್ಲವನ್ನೇ ಮಾಡುತ್ತದೆ. ಇದ್ದಿಲು, ಉಪ್ಪಿನ ತಿಕ್ಕಾಟ ಹಲ್ಲಿನ ಮೇಲ್ಪದರವನ್ನೇ ಸವೆಸುತ್ತದೆ. ನಾನಿ ಇದ್ದಿದ್ದರೆ ಈ ಮಾತಿಗೆ ಮುನಿಯುತ್ತಿದ್ದರು.

ನಮ್ಮ ಅಕ್ಕನ ಮಗಳಿಗೆ ಏಳು ವರ್ಷವಿದ್ದಾಗ ರಜೆಯಲ್ಲಿ ಹಿಂದಿನ ಹಲ್ಲು ನೋವೆಂದು ಅತ್ತಳು. "ಹಾಲುಹಲ್ಲು ತಾನೆ, ಬಿದ್ದುಹೋಗುತ್ತೆ ಬಿಡು" ಎಂದೆವು, ಲವಂಗ ಇಟ್ಟೆವು. ಶಾಲೆ ಶುರುವಾದ ಮೇಲೆ ವೈದ್ಯರಿಗೆ ತೋರಿಸಿದರೆ ಅದು ಹಾಲುಹಲ್ಲೇ ಅಲ್ಲ! ಆರನೇ ವರ್ಷದ ಹೊತ್ತಿಗೆ, ಯಾವ ಹಲ್ಲೂ ಬೀಳದೆ, ಸಾಲಿನ ಕೊನೆಯಲ್ಲಿ ಸದ್ದಿಲ್ಲದೆ ಮೂಡುವ ಶಾಶ್ವತ ದವಡೆ ಹಲ್ಲದು. ಕೀಳಿಸಬೇಕಾಯಿತು. ಅವಳಿಗೀಗ ಮದುವೆಯ ವಯಸ್ಸು. ಆ ಜಾಗ ಖಾಲಿಯೇ ಇದೆ.

ಈಗ ರಜೆಗೆ ಮಕ್ಕಳು ಬಂದರೆ ನಮ್ಮ ಮನೆಯಲ್ಲಿ ಮಿಠಾಯಿ ಸಂತೆಯ ದಿನ ಮಾತ್ರ, ಅದೂ ಊಟವಾದ ಮೇಲೆ. ಬೆಳಿಗ್ಗೆಯೂ ಮಲಗುವ ಮುನ್ನವೂ ಬಟಾಣಿ ಕಾಳಿನಷ್ಟು ಫ್ಲೋರೈಡ್ ಪೇಸ್ಟು. ಮೂರು ವರ್ಷದೊಳಗಿನ ಕೂಸಿಗೆ ಅಕ್ಕಿಕಾಳಿನಷ್ಟು ಸಾಕು. ಏಳೆಂಟು ವರ್ಷದವರೆಗೆ ದೊಡ್ಡವರೇ ಕೈಹಿಡಿದು ಉಜ್ಜಿಸುತ್ತೇವೆ. ಕಿರಿಯವನಿಗೆ ಈ ವರ್ಷ ಆರು ತುಂಬಿತು. ದಿನಾ ರಾತ್ರಿ ಟಾರ್ಚು ಹಿಡಿದು ಅವನ ಬಾಯಿ ತೆರೆಸಿ ಕೊನೆಯ ಹಲ್ಲನ್ನು ಹುಡುಕುತ್ತೇವೆ.