ಡೈನೋಸಾರ್ ಮತ್ತು ಎರೆಭೂತ

1993ರ ‘ಜುರಾಸಿಕ್ ಪಾರ್ಕ್’ ಚಲನಚಿತ್ರವು ವೆಲೋಸಿರ್ಯಾಪ್ಟರನ್ನು ಆಳೆತ್ತರದ, ಗರಿಗಳಿಲ್ಲದ ಪ್ರಾಣಿಯಾಗಿ ತೋರಿಸಿತು. ವಾಸ್ತವದಲ್ಲಿ ಅದು ಟರ್ಕಿ ಕೋಳಿಯಷ್ಟು ದೊಡ್ಡದು. ಮಂಗೋಲಿಯದಲ್ಲಿ ದೊರೆತ ಅದರ ಮುಂಗಾಲಿನ ಮೂಳೆಯ ಮೇಲೆ ಗರಿ ನಾಟಿದ್ದ ಗುರುತುಗಳಿರುವುದನ್ನು ವಿಜ್ಞಾನಿಗಳು 2007ರಲ್ಲಿ ಪ್ರಕಟಿಸಿದರು. 2022ರ ‘ಪ್ರಿಹಿಸ್ಟಾರಿಕ್ ಪ್ಲಾನೆಟ್’ ಸಾಕ್ಷ್ಯಚಿತ್ರದಲ್ಲಿ ಅದು ಗರಿ ಹೊದ್ದೇ ಕಾಣಿಸಿಕೊಂಡಿತು.

ನಮ್ಮ ಹಾವೇರಿ, ಬ್ಯಾಡಗಿಗಳ ನೆಲದಡಿಯ ಶಿಲೆಗಳು 250 ಕೋಟಿ ವರ್ಷಗಳಿಗೂ ಹಳೆಯವು. ಅವುಗಳಲ್ಲಿ ಡೈನೋಸಾರ್ ಮೂಳೆ ದೊರೆಯದು. ಆದರೆ ಹಕ್ಕಿಗಳೇ ಡೈನೋಸಾರ್‌ಗಳ ಜೀವಂತ ಸಂತತಿ. ಅವುಗಳಲ್ಲಿ ಬಲು ದೊಡ್ಡದಾದ ಎರೆಭೂತವು ರಾಣೆಬೆನ್ನೂರಿನ ಹುಲ್ಲುಗಾವಲಿನಲ್ಲಿಯೇ ವಾಸಿಸುತ್ತಿತ್ತು. ಅಲ್ಲಿ 1974ರಲ್ಲಿ ಅಭಯಾರಣ್ಯವೂ ಆಯಿತು. ಆದರೆ ಬಯಲನ್ನು ನೀಲಗಿರಿ ನೆಡುತೋಪುಗಳು ಆವರಿಸಿದ್ದವು. ಕೃಷ್ಣಮೃಗ ಉಳಿಯಿತು, ಬಯಲನ್ನೇ ನಂಬಿದ್ದ ಎರೆಭೂತ ಕಣ್ಮರೆಯಾಯಿತು.

ಮಕ್ಕಳು ಡೈನೋಸಾರ್ ಚಿತ್ರ ನೋಡಿ ಪ್ರಶ್ನೆ ಕೇಳಿದಾಗ, ಆತ್ಮೀಯರೇ, ಈ ಹಕ್ಕಿಯ ಕಥೆಯನ್ನೂ ಅವರಿಗೆ ಹೇಳಿರಿ.