ಪದ ಪರಿಚಯ: ಕರಾರು

‘ಕರಾರು’ ಅರಬ್ಬಿಯಲ್ಲಿ ಹುಟ್ಟಿ, ಪಾರಸಿಯನ್ನು ಹಾದು ನಮ್ಮ ಕಚೇರಿಗಳಿಗೆ ಬಂದ ಪದ. ಮೂಲದ ‘ಕರಾರ್’ ಎಂದರೆ ನೆಲೆ, ಸ್ಥಿರತೆ. ಅಲ್ಲಿಂದ ‘ಗೊತ್ತುಮಾಡಿಕೊಂಡ ಮಾತು’, ‘ಒಪ್ಪಂದ’ ಎಂಬ ಅರ್ಥಗಳು ಬೆಳೆದವು. ಕನ್ನಡದಲ್ಲಿ ‘ಷರತ್ತು’ ಎಂಬ ಛಾಯೆಯೂ ಸೇರಿತು: ‘ಒಂದು ಕರಾರಿನ ಮೇಲೆ ಕೊಡುತ್ತೇನೆ.’

ಕರಾರಿಗೆ ಮುಂಚೆ ಆಡಿದ ಮಾತಿಗೆ ಬೆಲೆ ಇದೆಯೇ? ಇದೆ. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ, ಸುಳ್ಳು ಹೇಳಿ ಒಪ್ಪಿಗೆ ಪಡೆದಿದ್ದರೆ ಮೋಸಹೋದವರು ಕರಾರನ್ನು ರದ್ದುಮಾಡಬಹುದು. ಸುಮ್ಮನಿರುವುದು ಸಾಮಾನ್ಯವಾಗಿ ಮೋಸವಲ್ಲ. ಆದರೆ ಕಾಯ್ದೆಯ 17ನೇ ಕಲಮು ಕೊಡುವ ಕುದುರೆಯ ಉದಾಹರಣೆ ನೋಡಿ. ‘ನೀವು ಅಲ್ಲವೆನ್ನದಿದ್ದರೆ ಕುದುರೆ ಚೆನ್ನಾಗಿದೆ ಎಂದುಕೊಳ್ಳುತ್ತೇನೆ’ ಎಂದು ಕೊಳ್ಳುವವನು ಹೇಳುತ್ತಾನೆ. ಮಾರುವವನು ಬಾಯಿ ಬಿಡುವುದಿಲ್ಲ. ಅಲ್ಲಿ ಮೌನವೇ ಮಾತು.

ಹೊಣೆ ಕಳಚಿಕೊಳ್ಳುವ ಕರಾರುಗಳೂ ಉಂಟು. ಅಂಗಡಿಯ ರಸೀದಿಯ ತಳದಲ್ಲಿ ಸಣ್ಣ ಅಕ್ಷರದಲ್ಲಿರುವ ‘ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ’ ಎಂಬ ಸಾಲು ಎಲ್ಲರಿಗೂ ಪರಿಚಿತ. ಆದರೆ ಅಚ್ಚಾದದ್ದೆಲ್ಲ ಕಾನೂನಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ, ದೋಷವಿರುವ ಸಾಮಾನನ್ನು ರಸೀದಿಯಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನಗಳೊಳಗೆ, ವಾಪಸ್ ಪಡೆಯಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ.

‘ಕರಾರುವಾಕ್ಕು’ ಎಂದರೆ ಖಚಿತ, ನಿಖರ. ಅದರಲ್ಲಿರುವುದೂ ಇದೇ ಕರಾರು. ಸಹಿ ಹಾಕುವ ಮುನ್ನ ಕರಾರುವಾಕ್ಕಾಗಿ ಕೇಳಿ, ಕೊಟ್ಟ ಉತ್ತರವನ್ನು ಬರೆಸಿಕೊಳ್ಳಿ.