ಬದನೆಯ ಹೆಸರಲ್ಲಿ ಬಂದ ತರಕಾರಿ

ಚೆನ್ನೈನ ತರಕಾರಿ ಅಂಗಡಿಯಲ್ಲಿ ‘ಬೆಂಗಳೂರು ಕತ್ತರಿಕ್ಕಾಯ್’ ಕೇಳಿದರೂ, ಹೈದರಾಬಾದಿನಲ್ಲಿ ‘ಬೆಂಗಳೂರು ವಂಕಾಯ’ ಕೇಳಿದರೂ ಅಂಗಡಿಯವರು ತೂಕಕ್ಕೆ ಹಾಕುವುದು ಒಂದನ್ನೇ: ತಿಳಿಹಸಿರು ಬಣ್ಣದ, ಮುಷ್ಟಿಯಷ್ಟು ದಪ್ಪದ, ಬುಡದಲ್ಲಿ ಬೊಚ್ಚುಬಾಯಿಯಂಥ ಸುಕ್ಕಿರುವ ಕಾಯಿ. ಎರಡೂ ಹೆಸರಿಗೆ ‘ಬೆಂಗಳೂರಿನ ಬದನೆಕಾಯಿ’ ಎಂದೇ ಅರ್ಥ. ಆದರೆ ಬೆಂಗಳೂರಿನವರು ಅದನ್ನು ತಮ್ಮದೆನ್ನುವುದಿಲ್ಲ. ಅವರ ಬಾಯಲ್ಲಿ ಅದು ಸೀಮೆಬದನೆ. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸುಗಳ ಹಾಗೆ ಅದೂ ಹೊರಗಿನಿಂದ ಬಂದದ್ದು. ನೆರೆಯವರು ಬೆಂಗಳೂರಿನತ್ತ ಬೊಟ್ಟು ಮಾಡಿದರೆ ಬೆಂಗಳೂರು ಸಮುದ್ರದಾಚೆಗೆ ಬೊಟ್ಟು ಮಾಡುತ್ತದೆ. ಬದನೆ ಮಾತ್ರ ಮೂವರಲ್ಲೂ ಉಳಿದಿದೆ.

ಸಸ್ಯಶಾಸ್ತ್ರದ ಲೆಕ್ಕದಲ್ಲಿ ಇದು ಬದನೆಯ ನೆಂಟನೇ ಅಲ್ಲ. ಸೋರೆ, ಹೀರೆ, ಹಾಗಲಗಳ ಬಳಗದ ಬಳ್ಳಿ ಇದು. ಹುಟ್ಟೂರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ. ಅಲ್ಲಿನ ನವಾಟಲ್ ಭಾಷೆಯ ಹೆಸರೇ ಸ್ಪ್ಯಾನಿಷ್‌ನಲ್ಲಿ ‘ಚಯೋಟೆ’ ಆಯಿತು. ಇದನ್ನು ಬೆಂಗಳೂರಿಗೆ ತಂದು ಬೆಳೆಸಿದ ಕೀರ್ತಿಯನ್ನು ಸಾಮಾನ್ಯವಾಗಿ ಜಾನ್ ಕ್ಯಾಮರಾನ್‌ಗೆ ಕೊಡುತ್ತಾರೆ. ಲಂಡನ್ನಿನ ಕ್ಯೂ ತೋಟದಿಂದ ಬಂದು 1874ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತವರು ಅವರು. ಲಾಲ್‌ಬಾಗಿನ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿದ್ದದ್ದೂ ಅವರ ಕಾಲದಲ್ಲೇ. (ಚೌಚೌ ಎಂಬ ಇನ್ನೊಂದು ಹೆಸರಿಗೂ ಬೆಂಗಳೂರಿನ ಹೋಟೆಲುಗಳ ಚೌಚೌ ಬಾತಿಗೂ ಸಂಬಂಧವಿಲ್ಲ. ಆ ತಟ್ಟೆಯಲ್ಲಿರುವುದು ಖಾರಾಬಾತು, ಕೇಸರಿಬಾತು. ಇದು ಗೊತ್ತಿಲ್ಲದೆ ತರಕಾರಿ ಹುಡುಕಿದ ಹೊರಊರಿನವರು ಕಡಿಮೆಯೇನಿಲ್ಲ.)

ಬೆಳೆಸುವುದು ಕಷ್ಟವಾಗಲಿಲ್ಲ. ಕಾಯಿಯೊಳಗೆ ಇರುವುದು ಒಂದೇ ದೊಡ್ಡ ಬೀಜ. ಕಾಯಿಯನ್ನು ಮೂಲೆಯಲ್ಲಿ ಮರೆತುಬಿಟ್ಟರೆ ಅದು ಅಲ್ಲೇ ಮೊಳೆತು ಬಾಯಿಯಿಂದ ಕುಡಿ ಚಾಚುತ್ತದೆ. ಇಡೀ ಕಾಯನ್ನೇ ನೆಟ್ಟು ಚಪ್ಪರ ಕಟ್ಟಿಕೊಟ್ಟರೆ ಸಾಕು. ಕಷ್ಟವಿದ್ದದ್ದು ಅಡುಗೆಮನೆಯಲ್ಲಿ. ಹೆಚ್ಚುವಾಗ ಅಂಟಿನಂಥ ಸೊನೆ ಬೆರಳಿಗೆ ಹತ್ತುತ್ತದೆ. ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚು ನೀರು. ಬೇಯಿಸಿದರೆ ತನ್ನದೆನ್ನುವ ರುಚಿ ಬಹಳವೇನೂ ಇಲ್ಲ. ಇಂಥದ್ದನ್ನು ಮನೆಮಂದಿ ಎರಡನೇ ಸಲ ಬಡಿಸಿಕೊಳ್ಳುವ ಹಾಗೆ ಮಾಡಬೇಕಿತ್ತು.

ಅದಕ್ಕೆ ಯಾರೂ ಹೊಸ ಅಡುಗೆ ಕಂಡುಹಿಡಿಯಲಿಲ್ಲ. ಅಚ್ಚು ಮೊದಲೇ ಸಿದ್ಧವಿತ್ತು. ಕಹಿ ತರಕಾರಿಗೆ ಗೊಜ್ಜು: ಹಾಗಲಕಾಯಿಗೆ ಉಪ್ಪು ಸವರಿ ಹಿಂಡಿ, ಹುಣಸೆಹಣ್ಣು, ಬೆಲ್ಲ, ಎಳ್ಳು ಸೇರಿಸಿ ಕುದಿಸಿದರೆ ಕಹಿ ಹೋಗುವುದಿಲ್ಲ, ಆದರೆ ನಾಲ್ಕು ರುಚಿಗಳಲ್ಲಿ ಒಂದಾಗಿ ಹದಕ್ಕೆ ಬರುತ್ತದೆ. ಉಪ್ಪು ನಾಲಿಗೆಯ ಮೇಲೆ ಕಹಿಯನ್ನು ತಗ್ಗಿಸುತ್ತದೆ ಎನ್ನುವುದನ್ನು ವಿಜ್ಞಾನವೂ ಒಪ್ಪಿದೆ. ಸಪ್ಪೆ ತರಕಾರಿಗೆ ಹುಳಿ, ಕೂಟು: ತೊಗರಿಬೇಳೆ ಮೈ ಕೊಡುತ್ತದೆ, ಹುರಿದು ರುಬ್ಬಿದ ಮಸಾಲೆ ಮತ್ತು ತೆಂಗಿನಕಾಯಿ ಘಮ ಕೊಡುತ್ತವೆ, ಇಂಗಿನ ಒಗ್ಗರಣೆ ಹಸಿವು ಕೆರಳಿಸುತ್ತದೆ. ಹೋಳುಗಳ ಕೆಲಸ ರಸ ಹೀರಿಕೊಳ್ಳುವುದಷ್ಟೆ. ಆ ಕೆಲಸಕ್ಕೆ ಸೀಮೆಬದನೆಯಷ್ಟು ತಕ್ಕದ್ದು ಇನ್ನೊಂದಿಲ್ಲ. ಉಳಿದ ಸಿಪ್ಪೆಯೂ ಕಸಕ್ಕೆ ಹೋಗಲಿಲ್ಲ, ಉದ್ದಿನಬೇಳೆಯ ಜೊತೆ ಹುರಿದು ಚಟ್ನಿಯಾಯಿತು.

ಈ ಅಚ್ಚು ಎಷ್ಟು ಹಳೆಯದು? 1508ರ ಸುಮಾರಿನಲ್ಲಿ ಕಲ್ಲಹಳ್ಳಿಯ ಮೂರನೇ ಮಂಗರಸ ‘ಸೂಪಶಾಸ್ತ್ರ’ ಬರೆದ. ಪಾಕಶಾಸ್ತ್ರವನ್ನು ವಾರ್ಧಕ ಷಟ್ಪದಿಯಲ್ಲಿ ಕಟ್ಟಿದ ಪುಸ್ತಕ ಅದು. ಅದರ ಶಾಕಪಾಕದ ಭಾಗದಲ್ಲಿ ಬದನೆಗೆ ಸಿಕ್ಕಿರುವ ಗೌರವ ದೊಡ್ಡದು. ಒಂದೇ ಕಾಯನ್ನು ಬೇರೆಬೇರೆ ಬಗೆಯಲ್ಲಿ ಮಾಡಿ ಬೇಸರ ಬಾರದಂತೆ ಉಣಿಸುವ ಉಪಾಯಗಳನ್ನು ಆತ ಹೇಳುತ್ತಾ ಹೋಗುತ್ತಾನೆ. ಕನ್ನಡದ ಅಡುಗೆಮನೆಗೆ ಬದನೆ ಎಷ್ಟು ಹತ್ತಿರದ್ದೆಂದರೆ, ಹೊಸ ತರಕಾರಿ ಬಂದಾಗ ಮೊದಲು ನೆನಪಾದದ್ದು ಅದೇ. ಟೊಮೇಟೊಗೂ ಹಿಂದೆ ‘ಚಪ್ಪರಬದನೆ’ ಎಂಬ ಹೆಸರಿತ್ತು. ಹೆಸರಿಟ್ಟ ಮೇಲೆ ಹೆದರಿಕೆ ಅರ್ಧ ಕಳೆಯಿತು. ಬದನೆ ಎಂದ ಮೇಲೆ ಅದಕ್ಕೆ ಏನು ಹಾಕಬೇಕೆಂದು ಅಡುಗೆಯವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಮಂಗರಸನ ಅಡುಗೆಯಲ್ಲಿ ಒಂದು ಮಾತ್ರ ಇರಲಿಲ್ಲ: ಮೆಣಸಿನಕಾಯಿ. ಪೋರ್ಚುಗೀಸರು ಗೋವಾ ಹಿಡಿದದ್ದು 1510ರಲ್ಲಿ. ಅಮೆರಿಕದ ಆ ಕಾಯಿ ಇಲ್ಲಿ ನೆಲೆಯೂರಿದ್ದು ಅದಾದ ಮೇಲೆ. ಅಲ್ಲಿಯವರೆಗೆ ಖಾರವೆಂದರೆ ಮೆಣಸು, ಶುಂಠಿ. ಹೊಸ ಖಾರ ಬಂದಾಗ ಮೆಣಸಿಗೆ ‘ಕಾಯಿ’ ಸೇರಿಸಿ ಮೆಣಸಿನಕಾಯಿ ಎಂದರು. ತಮಿಳರು ಮಿಳಗಿನಿಂದ ಮಿಳಗಾಯ್ ಮಾಡಿದರು, ಮರಾಠಿಯಲ್ಲಿ ಮಿರಿಯ ಪಕ್ಕ ಮಿರ್ಚಿ ಬಂದು ಕೂತಿತು. ಕೊನೆಗೆ ಬಂದವನೇ ಯಜಮಾನನಾದ. ಮೂಲದ ಮೆಣಸು ತನ್ನ ಗುರುತು ಹೇಳಿಕೊಳ್ಳಲು ‘ಕಾಳುಮೆಣಸು’, ‘ಒಳ್ಳೆಮೆಣಸು’ ಎಂದು ಬಾಲ ಕಟ್ಟಿಕೊಳ್ಳಬೇಕಾಯಿತು. ‘ಅಜ್ಜಿಯ ಕಾಲದ ಅಪ್ಪಟ ರುಚಿ’ ಎಂದು ಕೊಂಡಾಡುವ ಹುಳಿಪುಡಿಯಲ್ಲಿ ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಬಣ್ಣ ಮಂಗರಸ ಕಾಣದ್ದು. ಹುಳಿಯ ಹೆಚ್ಚುಗಾರಿಕೆಗೆ ಇದರಿಂದ ಕುಂದಿಲ್ಲ. ಅಪ್ಪಟ ಎಂಬ ಮಾತಿಗೆ ಮಾತ್ರ ಸ್ವಲ್ಪ ಕಷ್ಟ.

ಹಾಗೆಂದು ಎಲ್ಲ ಅಡುಗೆಮನೆಗಳೂ ಬಾಗಿಲು ತೆರೆಯಲಿಲ್ಲ. ವರ್ಷವಿಡೀ ಆಲೂಗಡ್ಡೆ, ಎಲೆಕೋಸು, ಟೊಮೇಟೊ, ಸೀಮೆಬದನೆ ತಿನ್ನುವ ಎಷ್ಟೋ ಬ್ರಾಹ್ಮಣ ಮನೆಗಳಲ್ಲಿ ಶ್ರಾದ್ಧದ ದಿನ ಅವು ಒಲೆಯ ಹತ್ತಿರ ಬರುವುದಿಲ್ಲ. ಅಂದು ಖಾರಕ್ಕೆ ಕಾಳುಮೆಣಸು, ಪಲ್ಯಕ್ಕೆ ಬಾಳೆಕಾಯಿ, ಗೊಜ್ಜಿಗೆ ಹಾಗಲ. ಪಿತೃಗಳು ಉಂಡಿರದ್ದನ್ನು ಪಿತೃಗಳಿಗೆ ಬಡಿಸಬಾರದು ಎಂಬ ಲೆಕ್ಕ ಇದ್ದೀತು. ಇತಿಹಾಸ ಬರೆಯುವವರಿಗೆ ಇದೊಂದು ಉಪಕಾರ. ಮೆಣಸಿನಕಾಯಿ ಬರುವ ಮುಂಚಿನ ಊಟ ಹೇಗಿತ್ತೆಂದು ತಿಳಿಯಲು ಪುಸ್ತಕವನ್ನಷ್ಟೇ ನಂಬಬೇಕಿಲ್ಲ, ವರ್ಷಕ್ಕೊಂದು ದಿನ ಅದರ ಹತ್ತಿರದ್ದೊಂದು ಎಲೆಯ ಮೇಲೆ ಸಿಗುತ್ತದೆ.

ಆದರೆ ಆ ಎಲೆಯ ಮೇಲೂ ಒಬ್ಬ ನುಸುಳಿದ್ದಾನೆ. ತಮಿಳು, ಕನ್ನಡದ ಹಲವು ಮನೆಗಳಲ್ಲಿ ಶ್ರಾದ್ಧಕ್ಕೆ ಸಿಹಿಗೆಣಸು ಸಲ್ಲುತ್ತದೆ. ಅದೂ ಸೀಮೆಬದನೆಯ ಹಾಗೆ ಅಮೆರಿಕದಿಂದಲೇ ಬಂದದ್ದು. ಗೆಣಸು ಎಂಬ ಮಾತು ಮಾತ್ರ ಹಳೆಯದು, ತಮಿಳಿನ ಕಿಳಂಗಿನ ಬಳಗದ್ದು. ನೆಲದೊಳಗಿನ ಗೆಡ್ಡೆಗಳಿಗೆ ಮೊದಲಿನಿಂದ ಇದ್ದ ಹೆಸರು. ಬಂದ ಗೆಡ್ಡೆಗೆ ಅದನ್ನೇ ಕೊಟ್ಟರು. ಹೆಸರಿನ ಮುಂದೆ ‘ಸೀಮೆ’ ಇರಲಿಲ್ಲವಾದ್ದರಿಂದ ಯಾರೂ ಊರು ಕೇಳಲಿಲ್ಲ.